ಮಾವನ ವಾಸನೆ

ಶಿವಗಾಮಿಯ ಕೈ ನಡುಗುತ್ತಿದೆ ಎಂಬುದನ್ನು ಮೊದಲು ಕಂಡವಳು ನಾನು. ಮಗ್ಗದ ಮೇಲೆ ಹಾಸಿನ ನೂಲು ಹರಿದರೆ ಕಣ್ಣು ಮುಚ್ಚಿಕೊಂಡು ಗಂಟು ಹಾಕುವ ಕೈ ಅದು. ಕರುಮತ್ತಂಪಟ್ಟಿಯ ನಮ್ಮ ಬೀದಿಯಲ್ಲಿ ಪವರ್‌ಲೂಮ್ ಇಲ್ಲದ ಮನೆಯೇ ಇಲ್ಲ, ಆದರೆ ಅವಳಷ್ಟು ಚುರುಕಾಗಿ ಗಂಟು ಹಾಕುವವರು ಗಂಡಸರಲ್ಲೂ ಇಲ್ಲ. ಅಂಥವಳು ಆವತ್ತು ಬೆಳಿಗ್ಗೆ ಒಂದೇ ನೂಲನ್ನು ಮತ್ತೆ ಮತ್ತೆ ಹಿಡಿದಳು, ಮತ್ತೆ ಮತ್ತೆ ಜಾರಿಸಿದಳು. ಹಣೆಯ ಮೇಲೆ ಬೆವರು, ತುಟಿ ಬಿಳಿಚಿಕೊಂಡಿತ್ತು. ಮಗ್ಗದ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಹಾಗಾಗಿ ಏನಾಯಿತೆಂದು ಸನ್ನೆಯಲ್ಲೇ ಕೇಳಿದೆ. ಏನಿಲ್ಲ ಎಂದು ಕೈಯಾಡಿಸಿದಳು. ಆ ಕೈ ಬೀಸಿದಾಗ ಒಂದು ವಾಸನೆ ಬಂದು ಮೂಗಿಗೆ ಬಡಿಯಿತು. ಸತ್ತು ವರ್ಷ ಕಳೆದಿದ್ದ ಅವಳ ಮಾವ ತಿರುಮಲೈಸಾಮಿ ನನ್ನ ಬೆನ್ನ ಹಿಂದೆಯೇ ಬಂದು ನಿಂತ ಹಾಗಾಯಿತು. ತಿರುಗಿ ನೋಡಿಯೂ ಬಿಟ್ಟೆ.

ನಾನು ಕೊಳ್ಳೇಗಾಲದವಳು. ಮದುವೆಯಾಗಿ ಬಂದು ಇಲ್ಲೇ ತಲೆ ನರೆತರೂ ಈ ಬೀದಿಗೆ ನಾನು ಇನ್ನೂ ‘ಮೈಸೂರಕ್ಕ’. ಕೊಳ್ಳೇಗಾಲ ಬೇರೆ, ಮೈಸೂರು ಬೇರೆ ಕಣ್ರಪ್ಪಾ, ನಮ್ಮೂರು ಒಂದು ಕಾಲಕ್ಕೆ ನಿಮ್ಮ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು ಎಂದು ಹೇಳಿ ಹೇಳಿ ನಾಲಿಗೆ ಸವೆಯಿತು. ಇಲ್ಲಿನ ನಮ್ಮ ನೇಕಾರ ಜನ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಓದಬಲ್ಲವಳು ಬೀದಿಗೆಲ್ಲ ನಾನೊಬ್ಬಳೇ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರಲ್ಲ, ಆ ಭಯ ನನಗಿಲ್ಲ. ನಾನು ಬರೆದದ್ದನ್ನು ಓದಿ ಜಗಳಕ್ಕೆ ಬರುವವರು ಇಲ್ಲಿ ಯಾರೂ ಇಲ್ಲ.

ಶಿವಗಾಮಿ ಸಿರುಮುಗೈ ಕಡೆಯ ಹುಡುಗಿ. ಪಕ್ಕದ ಮನೆಯ ಶರವಣನ್‌ಗೆ ತಂದುಕೊಂಡರು. ಶರವಣನ್ ಒಳ್ಳೆಯವನು, ಆದರೆ ಬಾಯಿಲ್ಲ. ಆ ಮನೆಯ ಬಾಯೆಲ್ಲ ಅವನ ಅಮ್ಮ ತಂಗಮ್ಮನದು. ಸೊಸೆ ಉಪ್ಪು ಹಾಕಿದರೆ ಜಾಸ್ತಿ, ಹಾಕದಿದ್ದರೆ ಸಪ್ಪೆ. ಮಕ್ಕಳಾಗಲಿಲ್ಲ ಎನ್ನುವುದೊಂದು ಸಿಕ್ಕಿತಲ್ಲ, ಅದನ್ನು ಹಿಡಿದುಕೊಂಡು ವರ್ಷಗಟ್ಟಲೆ ಚುಚ್ಚಿದಳು. ಕರೆಯುವುದೇ ‘ಏ ಪುಳ್ಳೆ’, ಅಂದರೆ ‘ಏ ಹುಡುಗಿ’ ಎಂದು. ನಾನಾಗಿದ್ದರೆ ಸೌಟು ಎತ್ತಿ ಬೀಸುತ್ತಿದ್ದೆ. ಶಿವಗಾಮಿ ತುಟಿ ಪಿಟಕ್ಕೆನ್ನಲಿಲ್ಲ. ಅವಳ ಪರವಾಗಿ ಆ ಮನೆಯಲ್ಲಿ ಮಾತಾಡುತ್ತಿದ್ದವರು ಮಾವ ಒಬ್ಬರೇ.

ತಿರುಮಲೈಸಾಮಿಯವರು ಬೀಡಿ ಸಿಗರೇಟು ಮುಟ್ಟಿದವರಲ್ಲ, ಹೊಗೆಸೊಪ್ಪು ಜಗಿಯುವವರು. ಅದೂ ಅಂಗಡಿಯದಲ್ಲ. ಅವಿನಾಶಿ ಕಡೆಯಿಂದ ಒಣ ಎಲೆ ತರುತ್ತಿದ್ದರು, ತಾಳೆಬೆಲ್ಲ ಕರಗಿಸಿದ ನೀರು ಚಿಮುಕಿಸುತ್ತಿದ್ದರು, ಏಲಕ್ಕಿ ಜಜ್ಜಿ ಉದುರಿಸಿ, ಗೋಣಿಯಲ್ಲಿ ಸುತ್ತಿ, ಮಣ್ಣಿನ ಮಡಕೆಯಲ್ಲಿ ಅದುಮಿ ಅಟ್ಟದ ಮೇಲೆ ಇಡುತ್ತಿದ್ದರು. ಅದು ಒಳಗೇ ಬೆವೆತು ಹದವಾಗಿ ಕಪ್ಪಾಗುವ ಹೊತ್ತಿಗೆ ಬೀದಿಯಲ್ಲೆಲ್ಲ ಪಾಕ ಹಿಡಿದ ಹಾಗೆ ಸಿಹಿ ವಾಸನೆ. ಅವರ ಮೈ, ಹೆಗಲ ಮೇಲಿನ ತುಂಡು (ಟವೆಲ್ಲಿಗೆ ಇಲ್ಲಿ ತುಂಡು ಎನ್ನುತ್ತಾರೆ), ಕೂರುವ ಮೂಲೆ ಎಲ್ಲಕ್ಕೂ ಅದೇ ವಾಸನೆ. ತಂಗಮ್ಮ ಅದನ್ನು ಬಯ್ಯದ ದಿನವಿರಲಿಲ್ಲ.

ಅವರು ಹೋದ ಮೇಲೆ ತಂಗಮ್ಮ ಕುಸಿದಳು. ಸಕ್ಕರೆ ಕಾಯಿಲೆಗೆ ಕಣ್ಣು ಮೊದಲೇ ಹೋಗಿತ್ತು, ಈಗ ನೆನಪೂ ಹೋಯಿತು. ಗಂಡ ಸತ್ತದ್ದು ನೆನಪಿಲ್ಲ. ಬಂದರಾ, ಬಂದರಾ ಎಂದು ಬಾಗಿಲ ಕಡೆಗೆ ಕಿವಿ ಕೊಟ್ಟು ಕೂರುತ್ತಾಳೆ. ಅವರು ಬರದೆ ಅನ್ನ ಮುಟ್ಟುವುದಿಲ್ಲ. ಸ್ನಾನ ಮಾಡಿಸಲು ಹೋದರೆ ಪರಚುತ್ತಾಳೆ. ತುತ್ತು ಬಾಯಿಗಿಟ್ಟರೆ ಉಗಿಯುತ್ತಾಳೆ. ನೋಡನೋಡುತ್ತಾ ಮೈ ಒಣಗಿ, ಚರ್ಮ ಬಿರುಕು ಬಿಟ್ಟು, ಬೆನ್ನಿನಲ್ಲಿ ಹುಣ್ಣು ಎದ್ದಿತು. ಹೀಗೇ ಉಪವಾಸವಿದ್ದರೆ ಉಳಿಯುವುದಿಲ್ಲ ಎಂದು ಕಾಂಪೌಂಡರ್ ಹೇಳಿ ಹೋದ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಶಿವಗಾಮಿಗೆ ತನ್ನ ಕಾಲ ಬಂದಾಗ ಅದನ್ನು ಹೇಗೆ ಬಳಸಿಕೊಳ್ಳಬೇಕೋ ಗೊತ್ತಾಗಲಿಲ್ಲ. ತಟ್ಟೆ ಹಿಡಿದುಕೊಂಡು ಅಳುತ್ತಾ ಕೂರುತ್ತಿದ್ದಳು.

ದಾರಿ ತೋರಿಸಿದ್ದು ಆ ತುಂಡು. ಪೆಟ್ಟಿಗೆ ಒರೆಸುವಾಗ ಮಾವನ ಹಳೆಯ ತುಂಡು ಸಿಕ್ಕಿತು, ಶಿವಗಾಮಿ ಅದನ್ನು ಹೆಗಲಿಗೆ ಹಾಕಿಕೊಂಡೇ ಅತ್ತೆಗೆ ಗಂಜಿ ತಂದಳು. ಮುದುಕಿ ಮೂಗರಳಿಸಿದಳು. ಮುಖ ಬಿಚ್ಚಿಕೊಂಡಿತು. “ಬಂದ್ರಾ?” ಎಂದಳು. “ಊಟ ಆಯ್ತಾ ನಿಮ್ದು?” ಜನ್ಮದಲ್ಲಿ ಆ ಸೊಸೆಗೆ ಬಹುವಚನ ಹಚ್ಚದ ಬಾಯಿ ಅದು. ಶಿವಗಾಮಿ ಉಸಿರು ಬಿಗಿಹಿಡಿದು ಗಂಜಿಯನ್ನೆಲ್ಲ ಕುಡಿಸಿದಳು. ಅಂದಿನಿಂದ ಅವಳು ಸೊಸೆಯಾಗಿ ಆ ಕೋಣೆಗೆ ಹೋಗಲೇ ಇಲ್ಲ. ಬಾಯಿ ಮುಚ್ಚಿಕೊಂಡು ಮಾವನಾಗಿ ಹೋದಳು. ನನಗೆ ಅದು ಸರಿ ಕಾಣಲಿಲ್ಲ. ಸತ್ತವರ ವೇಷ ಹಾಕಬಾರದು ಶಿವಗಾಮಿ ಎಂದೆ. ಊಟ ಮಾಡ್ತಾರಲ್ಲ ಅಕ್ಕ ಎಂದಳು.

ಆ ತುಂಡನ್ನು ಒಗೆದು ಹಾಕಿದವಳು ತಂಗಮ್ಮನ ಮಗಳು ನಿತ್ಯಾ. ತಿರುಪ್ಪೂರಿನಲ್ಲಿ ಬನಿಯನ್ ಹೊಲಿಸುವ ಯೂನಿಟ್ ನಡೆಸುತ್ತಾಳೆ, ಕೈಕಾಲು ಒಂದು ಕಡೆ ನಿಲ್ಲದ ಹೆಂಗಸು. ಅಮ್ಮನನ್ನು ನೋಡಲು ಬಂದವಳು, ಹಾಸಿಗೆ ಬಟ್ಟೆಯೆಲ್ಲ ಗಬ್ಬು ಎಂದು ಒಟ್ಟುಗೂಡಿಸಿ ಸೋಪಿನ ಪುಡಿಯಲ್ಲಿ ನೆನೆಹಾಕಿ ಕುಕ್ಕಿ ಒಣಹಾಕಿದಳು. ಒಳ್ಳೆಯದಕ್ಕೇ ಮಾಡಿದಳು. ಸಂಜೆ ಶಿವಗಾಮಿ ಅದನ್ನು ಹೊದ್ದು ಹೋದರೆ ಮುದುಕಿ ಯಾರು ನೀನು, ನನ್ನ ಮನೆಯಲ್ಲಿ ಏನು ಕೆಲಸ ಎಂದು ತಟ್ಟೆ ಎಸೆದಳು. ಮತ್ತೆ ಉಪವಾಸ.

ಅಲ್ಲಿಂದ ಶಿವಗಾಮಿಗೆ ಆ ವಾಸನೆಯ ಹುಚ್ಚು ಹಿಡಿಯಿತು. ಅಟ್ಟದ ಮಡಕೆಯಲ್ಲಿ ಮಾವ ಹದ ಮಾಡಿಟ್ಟ ಎಲೆ ಇನ್ನೂ ಇತ್ತು. ಅದನ್ನೇ ತಲೆದಿಂಬಿನ ಕೆಳಗೆ ಇಟ್ಟು ನೋಡಿದಳು. ಇದು ಅಂಗಡಿ ವಾಸನೆ ಎಂದು ಮುದುಕಿ ಕಿತ್ತು ಬಿಸಾಡಿದಳು. ಎಲೆಯ ವಾಸನೆ ಬೇರೆ, ಮನುಷ್ಯನ ವಾಸನೆ ಬೇರೆಯಲ್ಲವೇ. ನಾವಿಬ್ಬರೂ ಬಸ್ಸು ಹತ್ತಿ ಕೊಯಮತ್ತೂರಿನ ಉಕ್ಕಡಕ್ಕೆ ಹೋದೆವು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅತ್ತರಿನ ಅಂಗಡಿ ಇಟ್ಟ ಒಬ್ಬ ವಯಸ್ಸಾದ ಭಾಯಿ ಒಂದೊಂದೇ ಬಿರಡೆ ತೆಗೆದು ಅವಳ ಮುಂಗೈಗೆ ಸವರಿದರು. ಸಿಹಿ ತಂಬಾಕು ಎಂದು ಅವರು ಕೊಟ್ಟದ್ದರಿಂದ ಮದುವೆ ಮನೆಯ ವಾಸನೆ ಬಂತು. ಇದಲ್ಲ ಎಂದಳು. ಮನೆಯಲ್ಲಿ ಎಲೆಯಿದೆ, ಅದರಿಂದಲೇ ತೆಗೆಯಬಹುದಾ ಎಂದು ಕೇಳಿದಳು. ಭಾಯಿ ತಲೆಯೆತ್ತಿ ನೋಡಿದರು. ತಂಬಾಕಿನ ಅತ್ತರಿಗೆ ತಂಬಾಕು ಹಾಕುವುದಿಲ್ಲ ತಾಯಿ, ಆ ಎಲೆಯ ಸಾರವನ್ನು ಮೈಗೆ ಹಚ್ಚಬೇಡ ಎಂದು ತಮಿಳಿನಲ್ಲಿ ಹೇಳಿದರು. ಹೊರಗೆ ಬಂದು ಶಿವಗಾಮಿ ನಕ್ಕಳು. ತನ್ನ ಸೀಸೆ ಮಾರಲು ಹೀಗೆ ಹೇಳುತ್ತಾನೆ ಎಂದಳು. ನನಗೂ ಹಾಗೇ ಅನ್ನಿಸಿತ್ತು, ವ್ಯಾಪಾರದವರ ಮಾತು ಯಾರು ನಂಬುತ್ತಾರೆ.

ಫೋನಿನ ವಿಡಿಯೋದಲ್ಲಿ ಯಾರೋ ಮನೆಯಲ್ಲೇ ಸೆಂಟ್ ಮಾಡುವುದನ್ನು ತೋರಿಸುತ್ತಿದ್ದರು. ಅವರು ಹೂವು ನೆನೆಹಾಕಿದ ಹಾಗೆ ಇವಳು ಮಾವನ ಎಲೆಯನ್ನು ಪುಡಿಮಾಡಿ, ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ನೆನೆಹಾಕಿದಳು. ಸೋಸಿ, ಮತ್ತೆ ಹೊಸ ಎಲೆ ಹಾಕಿ, ಮತ್ತೆ ಸೋಸಿ, ತಟ್ಟೆಯಲ್ಲಿ ಬಿಸಿಲಿಗಿಟ್ಟು ಸ್ಪಿರಿಟ್ ಹಾರಿಹೋಗುವ ತನಕ ಕಾದಳು. ತಳದಲ್ಲಿ ಉಳಿದದ್ದು ಜೋನಿಬೆಲ್ಲದಂಥ ಕಪ್ಪು ಅಂಟು. ಅದಕ್ಕೆ ತಾಳೆಬೆಲ್ಲ, ಏಲಕ್ಕಿ, ಲಾವಂಚದ ಬೇರು, ತೆಂಗಿನೆಣ್ಣೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನು ಕಾಲೆಳೆದೆ. ಅವಳು ನಗಲಿಲ್ಲ. ಏನೋ ಒಂದು ಕಮ್ಮಿ ಅಕ್ಕ, ಏನೋ ಒಂದು ಕಮ್ಮಿ ಎನ್ನುತ್ತಾ ಮೂಗು ಹಿಡಿದು ಕೂತಿದ್ದಳು. ಆ ಕಮ್ಮಿ ಏನೆಂದು ಅವಳಿಗೆ ಮಗ್ಗದ ಹತ್ತಿರ ಹೊಳೆಯಿತು. ಮಾವ ಬದುಕೆಲ್ಲ ಮಗ್ಗಕ್ಕೆ ಎಣ್ಣೆ ಬಿಟ್ಟವರು. ಎಣ್ಣೆಕ್ಯಾನಿನ ಮೂತಿಯಿಂದ ಒಂದೇ ತೊಟ್ಟು ಮೆಶಿನ್ ಆಯಿಲ್ ಬಿಟ್ಟು ಕಲಕಿದಳು. ನಾನು ಆಣೆ ಮಾಡಿ ಹೇಳುತ್ತೇನೆ, ಆ ಸೀಸೆಯ ಬಾಯಿ ತೆರೆದಾಗ ನನ್ನ ಮೈ ಜುಮ್ಮೆಂದಿತು. ತಿರುಮಲೈಸಾಮಿ ಒಳಗೆ ಕೂತಿದ್ದರು.

ಮೊದಲು ತುಂಡಿಗಷ್ಟೇ ಸವರುತ್ತಿದ್ದಳು. ತಂಗಮ್ಮ ಇಡೀ ದಿನ ನಗುನಗುತ್ತಾ ಇದ್ದಳು, ಕೇಳಿ ಕೇಳಿ ಉಂಡಳು. ಆಮೇಲೆ ಬಿರಿದ ಚರ್ಮಕ್ಕೆ ಹೇಗೂ ಎಣ್ಣೆ ಬೇಕಲ್ಲ ಎಂದು ಅದನ್ನೇ ಬೆಚ್ಚಗೆ ಮಾಡಿ ಅತ್ತೆಯ ಬೆನ್ನಿಗೆ, ಕಾಲಿಗೆ ನೀವಲು ಶುರುಮಾಡಿದಳು. ಮುದುಕಿ ಕಣ್ಣು ಮುಚ್ಚಿಕೊಂಡು, ನೀವು ಯಾಕೆ ಕೈ ನೋಯಿಸಿಕೊಳ್ಳುತ್ತೀರಿ, ಸೊಸೆ ಇಲ್ಲವಾ, ಅವಳು ಒಳ್ಳೆಯವಳೇ, ನನ್ನ ಬಾಯಿ ಸರಿಯಿಲ್ಲ ಅಷ್ಟೆ ಎಂದಳಂತೆ. ಇದನ್ನು ನನಗೆ ಹೇಳುವಾಗ ಶಿವಗಾಮಿ ಬಿಕ್ಕಿ ಬಿಕ್ಕಿ ಅತ್ತಳು. ಎಷ್ಟು ವರ್ಷ ಕಾದ ಮಾತು ಅದು! ಆ ಒಂದು ಮಾತಿಗೆ ಅವಳು ಸೀಸೆಗಟ್ಟಲೆ ನೀವಿದಳು.

ಕೈ ನಡುಗಲು ಶುರುವಾದದ್ದು ಆಗ. ಅವಳಿಗೆ ಬೆಳಿಗ್ಗೆ ತಲೆಸುತ್ತು, ವಾಕರಿಕೆ. ನಾನು ಹುಚ್ಚಿ, ಈ ವಯಸ್ಸಿನಲ್ಲಿ ಏನಾದರೂ ಒಳ್ಳೆಯ ಸುದ್ದಿಯೇ ಎಂದು ಕೂಡ ಕೇಳಿದೆ. ನಿದ್ದೆಯಿಲ್ಲ ಅಕ್ಕ, ಅಷ್ಟೆ ಎಂದಳು. ತಂಗಮ್ಮನಿಗೆ ಅದಕ್ಕಿಂತ ಜಾಸ್ತಿ. ಎಣ್ಣೆ ಹಚ್ಚಿ ಸ್ವಲ್ಪ ಹೊತ್ತಿಗೆ ಬಾಯಲ್ಲಿ ಜೊಲ್ಲು, ಮೈಯೆಲ್ಲ ತಣ್ಣನೆ ಬೆವರು, ಉಂಡದ್ದೆಲ್ಲ ವಾಂತಿ. ವಾಂತಿಯಾದ ಮೇಲೆ ಮುದುಕಿ ಹೆದರಿ ಗಂಡನನ್ನು ಕರೆಯುವುದು, ಶಿವಗಾಮಿ ಸಮಾಧಾನಕ್ಕೆಂದು ಮತ್ತೆ ಎಣ್ಣೆ ಹಚ್ಚುವುದು. ಗಾಣದೆತ್ತಿನ ಹಾಗೆ ಅದೇ ಸುತ್ತು. ಆ ಮನೆಯ ಗೋಡೆ ದಾಟಿ ಸಿಹಿ ವಾಸನೆ ನನ್ನ ಅಡುಗೆಮನೆಗೂ ಬರುತ್ತಿತ್ತು, ನನಗೆ ಊಟ ಸೇರುತ್ತಿರಲಿಲ್ಲ.

ನಿತ್ಯಾ ಬಂದು ನೋಡಿದಳು. ಅಮ್ಮ ವಾಂತಿ ಮಾಡಿಕೊಂಡು ಬಿಳಿಚಿ ಮಲಗಿದ್ದಾಳೆ, ಅತ್ತಿಗೆ ಬಾಗಿಲು ಮುಚ್ಚಿಕೊಂಡು ಒಳಗೆ ಏನೋ ಮಾಡುತ್ತಾಳೆ. ಅವಳ ಬಾಯಿಂದ ಆ ಮಾತು ಬಂದೇಬಿಟ್ಟಿತು, ಮದ್ದು ಹಾಕಿದ್ದಾರೆ ಎಂದು. ನಮ್ಮವರಿಗೆ ಈ ಮಾತು ವಿವರಿಸಬೇಕಾಗಿಲ್ಲ. ಅನ್ನದಲ್ಲೋ ವೀಳ್ಯದಲ್ಲೋ ಬೆರೆಸಿ ಕೊಟ್ಟು ಮನುಷ್ಯರನ್ನು ಒಳಗೊಳಗೇ ಕೊರೆದು ಹಾಕುವ ಮದ್ದು. ಗುಣಮಾಡುವುದಕ್ಕೂ ಅದೇ ಮಾತು, ಕೊಲ್ಲುವುದಕ್ಕೂ ಅದೇ ಮಾತು. ತಮಿಳಿನ ಮರುಂದೂ ಹಾಗೆಯೇ. ಬೀದಿಯ ಹೆಂಗಸರು ಮೊದಲು ನನ್ನ ಕಡೆ ನೋಡಿದರು. ಕೊಳ್ಳೇಗಾಲದವಳಲ್ಲವೇ, ಮಾಟ ಮಂತ್ರ ಇವಳಿಗೆ ಗೊತ್ತಿರಬೇಕು! ನಮ್ಮೂರಿನವರಿಗೆ ಅದು ಬಿಟ್ಟು ಬೇರೆ ಕಸುಬೇ ಇಲ್ಲವೇನೋ. ಆಸ್ಪತ್ರೆಗೆ ತೋರಿಸಿ ಎಂದು ಕೂಗಿದೆ. ಯಾರು ಕೇಳುತ್ತಾರೆ.

ಮದ್ದು ತೆಗೆಯುವವನೊಬ್ಬ ಬಂದ. ತಂಗಮ್ಮನ ಅಂಗೈಯಲ್ಲಿ ಯಾವುದೋ ಸೊಪ್ಪಿನ ರಸ ಹಿಂಡಿ ಕಾದ. ರಸ ಗಟ್ಟಿಯಾಯಿತು. ಮದ್ದು ಒಳಗಿದೆ ಎಂದ. ಮನೆಯದೇ ಹೆಂಗಸಿನ ಕೈ ಎಂದು ಇನ್ನೊಂದು ಮಾತು ಸೇರಿಸಿ, ಕಾಣಿಕೆ ತೆಗೆದುಕೊಂಡು ಹೋದ. ಶರವಣನ್ ಗೋಡೆ ನೋಡುತ್ತಾ ಕೂತ. ಹೆಂಡತಿಯ ಪರ ಒಂದು ಮಾತು, ಒಂದೇ ಒಂದು ಮಾತು ಆಡಲಿಲ್ಲ ಆ ಮಹಾನುಭಾವ.

ಸತ್ಯ ಮಾಡಲಿ ಎಂದಳು ನಿತ್ಯಾ. ಇಲ್ಲಿ ಸತ್ಯ ಮಾಡುವುದೆಂದರೆ ಸೂಡದ ಮೇಲೆ, ಅಂದರೆ ಉರಿಯುವ ಕರ್ಪೂರದ ಮೇಲೆ ಅಂಗೈ ಬಡಿದು ಆರಿಸಬೇಕು. ಸುಳ್ಳು ಸತ್ಯ ಮಾಡಿದ ಕೈ ಮಾಯುವುದಿಲ್ಲ, ಅವರು ಹಾಕಿದ ಮದ್ದು ಅವರ ಕುಲವನ್ನೇ ತಿನ್ನುತ್ತದೆ ಎನ್ನುತ್ತಾರೆ. ನಮ್ಮ ಕುಲದೇವಿ ಚೌಡಮ್ಮನ ಗುಡಿಯ ಮುಂದೆ ಬೀದಿಯೇ ನೆರೆಯಿತು. ಶಿವಗಾಮಿ ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲಿ ಬಂದಳು. ಕೈ ನಡುಗುತ್ತಿತ್ತು. ತಪ್ಪು ಮಾಡಿದವಳ ಕೈ ನೋಡು ಹೇಗೆ ನಡುಗುತ್ತದೆ ಎಂದು ಯಾರೋ ಅಂದರು. ಅವಳು ಸೂಡ ಹಚ್ಚಿದಳು, ಚೌಡಮ್ಮನ ಮುಖ ನೋಡಿದಳು.

“ನಾ ಅತ್ತೆಗೆ ಮದ್ದು ಹಾಕಿಲ್ಲ. ಇನ್ಮೇಲೂ ಹಾಕಲ್ಲ. ಚೌಡಮ್ಮನ ಮೇಲೆ ಸತ್ಯ.”

ಅಂಗೈ ಬಡಿದಳು. ಒಂದೇ ಏಟಿಗೆ ಬೆಂಕಿ ಆರಿತು. ಅವಳ ದನಿಯಲ್ಲಿ ಒಂದು ಎಳೆಯಷ್ಟೂ ಅಳುಕಿರಲಿಲ್ಲ, ಯಾಕೆಂದರೆ ಅವಳು ಹೇಳಿದ್ದು ಅವಳಿಗೆ ಗೊತ್ತಿದ್ದ ನಿಜ. ನಿತ್ಯಾ ಕೂಡ ತಲೆ ತಗ್ಗಿಸಿದಳು.

ಇತ್ತ ಮನೆಯಲ್ಲಿ ತಂಗಮ್ಮ ಗಲಾಟೆಗೆ ಬೆದರಿ ಕಿರುಚುತ್ತಿದ್ದಳು. ಸತ್ಯ ಗೆದ್ದು ಬಂದ ಶಿವಗಾಮಿ ಮೊದಲು ಮಾಡಿದ ಕೆಲಸ ಏನು ಹೇಳಿ? ಸುಟ್ಟ ಕೈಯಲ್ಲೇ ಸೀಸೆ ತೆಗೆದಳು. ಪಾಪ, ಅತ್ತೆ ಬಹಳ ಹೆದರಿದ್ದಾರೆ ಎಂದು ಕತ್ತಿನಿಂದ ಕಾಲಿನವರೆಗೆ, ಬೆನ್ನಿನ ಹುಣ್ಣಿನ ಸುತ್ತ, ಎಲ್ಲ ಕಡೆಗೂ ಧಾರಾಳವಾಗಿ ನೀವಿದಳು. ಮುದುಕಿ ತಣ್ಣಗಾದಳು. ಮಧ್ಯಾಹ್ನದ ಹೊತ್ತಿಗೆ ತೀರಾ ತಣ್ಣಗಾದಳು. ಕೈಕಾಲು ಸೆಟೆದು, ಉಸಿರು ಎಲ್ಲೋ ಆಳದಿಂದ ಒಂದೊಂದೇ ಬರುತ್ತಿತ್ತು.

ಮುದುಕಿಯ ಜೊತೆ ಶಿವಗಾಮಿ, ನಿತ್ಯಾ, ನಾನು ಆಂಬುಲೆನ್ಸ್ ಹತ್ತಿದೆವು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಇವರಿಗೆ ಏನು ಮರುಂದು ಕೊಟ್ಟಿದ್ದೀರಿ ಎಂದು ಕೇಳಿದರು. ಆಕೆ ಕೇಳಿದ್ದು ಸಾಮಾನ್ಯ ಪ್ರಶ್ನೆ. ನಮಗೆ ಮೂರು ಜನಕ್ಕೂ ಅದು ಮುಖಕ್ಕೆ ಹೊಡೆದ ಹಾಗಾಯಿತು. ನಿತ್ಯಾ ಶಿವಗಾಮಿಯನ್ನು ನೋಡಿದಳು. ಶಿವಗಾಮಿ ಕಟ್ಟು ಕಟ್ಟಿದ ಅಂಗೈಯನ್ನು ಸೆರಗಿನಲ್ಲಿ ಮುಚ್ಚಿ, ಏನೂ ಕೊಟ್ಟಿಲ್ಲ ಎಂದಳು. ಹೊಲಕ್ಕೆ ಹೊಡೆಯುವ ಮರುಂದು? ಇಲ್ಲ. ನಾಟಿ ಮರುಂದು? ಇಲ್ಲ ಡಾಕ್ಟರ್, ಯಾವ ಮರುಂದೂ ಇಲ್ಲ, ದೇವರ ಮುಂದೆ ಸತ್ಯ ಮಾಡಿದ್ದೇನೆ. ಡಾಕ್ಟರಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಕೇಳುವವರೂ ಹೇಳುವವರೂ ಬೇರೆ ಬೇರೆ ಮಾತಿನಲ್ಲಿದ್ದರು. ಒಳಗೆ ಮುದುಕಿಯ ಉಸಿರು ಇಳಿಯುತ್ತಿತ್ತು.

ನರ್ಸ್ ಮೈ ಒರೆಸಿದಾಗ ಬಟ್ಟೆ ಕಂದು ಬಣ್ಣಕ್ಕೆ ತಿರುಗಿತು. ಇದೇನು ಸಿಹಿ ವಾಸನೆ ಎಂದು ಹೊರಗೆ ಬಂದು ಕೇಳಿದಳು.

“ಅದು ಮದ್ದಲ್ಲಮ್ಮ,” ಎಂದಳು ಶಿವಗಾಮಿ. “ಅದು ನಮ್ ಮಾವನ ವಾಸನೆ.”

ಹೇಗೆ ಮಾಡಿದೆ ಎಂದು ಡಾಕ್ಟರಮ್ಮ ಒಂದೊಂದಾಗಿ ಕೇಳಿದರು. ಶಿವಗಾಮಿ ಹೇಳುತ್ತಾ ಹೋದ ಹಾಗೆ ಆಕೆಯ ಮುಖ ಬದಲಾಯಿತು. ಸೋಪು ಹಾಕಿ ಮೈಯೆಲ್ಲ ತೊಳೆಯಿರಿ, ಈಗಲೇ ಎಂದು ಒಳಗೆ ಓಡಿದರು. ಆಮೇಲೆ ಬಂದು ನಮ್ಮನ್ನು ಕೂರಿಸಿಕೊಂಡು ತಿಳಿಸಿದರು. ಹೊಗೆಸೊಪ್ಪಿನ ವಿಷ ಬಾಯಿಗೇ ಹೋಗಬೇಕೆಂದಿಲ್ಲ, ಚರ್ಮವೇ ಕುಡಿಯುತ್ತದೆ. ಹಸಿ ಎಲೆ ಕೊಯ್ಯುವವರಿಗೇ ತಲೆ ತಿರುಗುತ್ತದೆ. ನೀವು ಎಲೆಯ ಸಾರವನ್ನೆಲ್ಲ ಇಳಿಸಿ, ಎಣ್ಣೆಯಲ್ಲಿ ಕಲಸಿ, ಬಿರುಕು ಬಿಟ್ಟ ಮೈಗೆ ದಿನವೂ ಉಜ್ಜಿದ್ದೀರಿ. ನಿಮ್ಮ ಕೈ ನಡುಗುವುದೂ ಅದರಿಂದಲೇ. ಈ ಸಲ ಉಳಿಯುತ್ತಾರೆ, ಇನ್ನೊಂದು ಸಲ ಹೀಗಾದರೆ ಇವರ ಹೃದಯ ತಡೆಯುವುದಿಲ್ಲ. ಶಿವಗಾಮಿ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಯಾರದೋ ಕೈಗಳನ್ನು ನೋಡುವ ಹಾಗೆ ನೋಡಿದಳು.

ತಂಗಮ್ಮ ಉಳಿದಳು. ಆಸ್ಪತ್ರೆಯ ಸೋಪಿನ ವಾಸನೆ ಹೊಡೆಯುತ್ತಾ ಮಲಗಿದ್ದವಳು ಕಣ್ಣು ಬಿಟ್ಟು, ಅವರು ಎಲ್ಲಿ ಎಂದಳು. ನಿತ್ಯಾ ಅಮ್ಮನನ್ನು ಅಲ್ಲಿಂದಲೇ ತಿರುಪ್ಪೂರಿಗೆ ಕರೆದುಕೊಂಡು ಹೊರಟಳು. ನೀನು ಬೇಕೆಂದು ಮಾಡಿಲ್ಲ, ನನಗೆ ಗೊತ್ತು ಎಂದು ಶಿವಗಾಮಿಗೆ ಹೇಳಿದಳು. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು.

“ಆದ್ರೂ ಆ ಮನುಷ್ಯ ಹೇಳಿದ್ದು ನಿಜವೇ ಆಯ್ತಲ್ಲ ಅತ್ತಿಗೆ,” ಎಂದಳು. “ಮನೆ ಹೆಂಗಸಿನ ಕೈ ಅಂದ.”

ಆ ಮಾತು ನಮಗಿಂತ ಮೊದಲೇ ಬೀದಿಗೆ ಬಂದು ಕೂತಿತ್ತು. ಶಿವಗಾಮಿಯ ಅಂಗೈಯ ಸುಟ್ಟ ಗಾಯ ಮಾಯಲೇ ಇಲ್ಲ. ನೂಲು ಹಿಡಿಯುವ ಕೈ, ದಿನವೂ ಉಜ್ಜುವ ಕೈ, ಹೇಗೆ ಮಾಯುತ್ತದೆ? ಆದರೆ ಬೀದಿ ಅದನ್ನು ಬೇರೆ ರೀತಿ ಓದಿಕೊಂಡಿತು. ಸುಳ್ಳು ಸತ್ಯ, ಚೌಡಮ್ಮ ಬಿಡುತ್ತಾಳಾ ಎಂದಿತು. ಅವಳು ಬಂದರೆ ನಲ್ಲಿಯ ಹತ್ತಿರ ಮಾತು ನಿಲ್ಲುತ್ತಿತ್ತು. ಯಾರ ಮನೆಯಲ್ಲೂ ಅವಳ ಕೈಯಿಂದ ಒಂದು ಲೋಟ ಮಜ್ಜಿಗೆ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಎಲ್ಲರ ಮೇಲೂ ಬಾಯಿ ಮಾಡಿದೆ, ಅದರಿಂದ ನನ್ನ ಗಂಟಲು ಕಟ್ಟಿದ್ದೊಂದೇ ಲಾಭ. ಒಂದು ದಿನ ಶಿವಗಾಮಿ ನನ್ನ ಜಗುಲಿಗೆ ಬಂದು ಕೂತು, “ಅಕ್ಕ, ನಾ ಮಾಡಿದ್ದು ಸುಳ್ಳು ಸತ್ಯವಾ?” ಎಂದು ಕೇಳಿದಳು. ಮೊದಲು ಆ ಸೀಸೆ ಎಸೆ ಎಂದೆ. ಆವತ್ತೇ ಮೋರಿಗೆ ಚೆಲ್ಲಿಬಿಟ್ಟೆ ಎಂದಳು.

ಕೆಲವು ವಾರಗಳಾದ ಮೇಲೆ ನಿತ್ಯಾ ಒಬ್ಬಳೇ ಟ್ಯಾಕ್ಸಿಯಲ್ಲಿ ಬಂದಳು. ಶರವಣನ್ ನೂಲು ತರಲು ಸೋಮನೂರಿಗೆ ಹೋಗಿದ್ದ. ಮಗ್ಗ ನಿಂತಿತ್ತು, ಹಾಗಾಗಿ ನನ್ನ ಜಗುಲಿಗೆ ಎಲ್ಲವೂ ಕೇಳಿಸಿತು. ಆ ಗತ್ತಿನ ಹೆಂಗಸು ಹೊಸ್ತಿಲ ಮೇಲೆಯೇ ಕುಸಿದು ಕೂತಳು. ಅಮ್ಮ ಊಟಕ್ಕೆ ಬಾಯಿ ಬಿಡುತ್ತಿಲ್ಲ. ಮೂಗಿಗೆ ಟ್ಯೂಬು ಹಾಕಿಸಿದರೆ ಕಿತ್ತು ಹಾಕುತ್ತಾಳೆ. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ, ಇರುವಷ್ಟು ದಿನ ಇರಲಿ ಎಂದರಂತೆ. ನಾಲಿಗೆ ಒಣಗಿ ಹೋಗಿದೆ, ಆದರೂ ಬಂದರಾ ಎಂದು ಕೇಳುವುದು ನಿಂತಿಲ್ಲ. ಹೇಳುತ್ತಾ ಹೇಳುತ್ತಾ ನಿತ್ಯಾ ಅತ್ತಿಗೆಯ ಕಾಲು ಹಿಡಿದುಕೊಂಡಳು.

“ಆ ಮದ್ದು ಇದ್ರೆ ಸ್ವಲ್ಪ ಕೊಡಿ ಅತ್ತಿಗೆ.”

ಯಾವ ಮಾತಿಗೆ ಬೀದಿಯನ್ನೆಲ್ಲ ಸೇರಿಸಿ ಕೈ ಸುಡಿಸಿದ್ದಳೋ ಅದೇ ಮಾತು! ನನಗೆ ಸಿಟ್ಟು ನೆತ್ತಿಗೇರಿತು, ಎದ್ದು ಹೋಗಿ ನಾಲ್ಕು ಮಾತು ಬಿ‌ಡಬೇಕೆಂದುಕೊಂಡೆ. ಶಿವಗಾಮಿ ಮಾತ್ರ ಅವಳ ತಲೆ ಸವರುತ್ತಾ ನಿಂತಿದ್ದಳು.

“ಅದು ಚೆಲ್ಬಿಟ್ಟೆ ಅಮ್ಮಿಣಿ,” ಎಂದಳು, ಇಲ್ಲಿ ಹುಡುಗಿಯರನ್ನು ಮುದ್ದಿನಿಂದ ಕರೆಯುವ ಹಾಗೆ. “ಇದ್ರೂ ನಿನ್ ಕೈಗೆ ಅದು ಬೇಡ. ನಾನೇ ಬತ್ತೀನಿ, ನಡಿ.”

ಒಳಗೆ ಹೋಗಿ ಸೀರೆ ಬದಲಾಯಿಸಿ, ಚೀಲ ಹಿಡಿದು ಬಂದಳು. ಸಂಜೆ ದೀಪ ಹಚ್ಚಿಬಿಡಿ ಅಕ್ಕ ಎಂದು ನನಗೆ ಬೀಗದ ಕೈ ಕೊಟ್ಟಳು. ಕೊಡುವಾಗ ಅವಳ ಬಲಗೈ ನನ್ನ ಕೈಗೆ ತಾಗಿತು, ಗಾಯ ಇನ್ನೂ ಹಸಿಯಾಗಿತ್ತು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಸದ್ಯ, ಹುಡುಗಿ ಸುಧಾರಿಸಿಕೊಂಡಳು ಎಂದುಕೊಂಡೆ. ಹೋಗಲಿ, ಬರಿ ಕೈಯಲ್ಲಾದರೂ ಮುದುಕಿಯ ಪಕ್ಕ ಕೂರಲಿ, ಅಷ್ಟಾದರೂ ಪುಣ್ಯ ಎಂದು ಕಣ್ಣೊರೆಸಿಕೊಂಡೆ.

ದೀಪದ ಹೊತ್ತಿಗೆ ಬೀಗ ತೆಗೆದು ಒಳಗೆ ಹೋದೆ. ದೇವರ ಗೂಡಿನ ಹತ್ತಿರ ಹೋಗುತ್ತಿದ್ದ ಹಾಗೆಯೇ ತಿರುಮಲೈಸಾಮಿಯವರ ವಾಸನೆ ಬಂತು. ಚೌಡಮ್ಮನ ಪಟ ಒಂದು ಕಡೆಗೆ ವಾಲಿತ್ತು. ನೇರ ಮಾಡಲು ಎತ್ತಿದೆ. ಪಟದ ಹಿಂದೆ, ಧೂಳಿನ ನಡುವೆ, ಸೀಸೆಯ ಬುಡದಷ್ಟು ದುಂಡಗಿನ ಎಣ್ಣೆಯ ಗುರುತು. ಬೆರಳಿಟ್ಟೆ. ಇನ್ನೂ ಒದ್ದೆಯಾಗಿತ್ತು.

ಚೆಲ್ಲಿರಲಿಲ್ಲ. ಇಷ್ಟು ದಿನವೂ ಚೌಡಮ್ಮ ತಾಯಿಯ ಬೆನ್ನ ಹಿಂದೆ ಅಡಗಿಸಿಟ್ಟಿದ್ದಳು, ಈಗ ಜೊತೆಗೆ ತೆಗೆದುಕೊಂಡು ಹೋಗಿದ್ದಳು. ದೀಪ ಹಚ್ಚುವುದನ್ನೂ ಬಿಟ್ಟು ಮಬ್ಬಿನಲ್ಲೇ ಫೋನ್ ಹುಡುಕಿ ಶಿವಗಾಮಿಗೆ ಕರೆ ಮಾಡಿದೆ. ಬಹಳ ಹೊತ್ತು ಹೊಡೆದುಕೊಂಡಿತು. ಕೊನೆಗೆ ಎತ್ತಿದವಳು ನಿತ್ಯಾ. ಅಳುತ್ತಿದ್ದಾಳೆ ಎಂದುಕೊಂಡೆ, ಅವಳು ನಗುತ್ತಿದ್ದಳು.

“ಅಮ್ಮ ಇಡ್ಲಿ ತಿಂದ್ರು ಮೈಸೂರಕ್ಕ,” ಎಂದಳು. “ಕೇಳಿ ಇಸ್ಕೊಂಡು ತಿಂದ್ರು.”

ಫೋನ್ ಶಿವಗಾಮಿಯ ಕೈಗೆ ಕೊಡು, ಈಗಲೇ ಕೊಡು ಎಂದೆ. ನಿತ್ಯಾ ಆ ಕಡೆ ಏನೋ ಕೇಳಿ ಮತ್ತೆ ಲೈನಿಗೆ ಬಂದಳು. ಅತ್ತಿಗೆ ಅಮ್ಮನ ಬೆನ್ನು ನೀವುತ್ತಾ ಕೂತಿದ್ದಾರೆ, ಕೈಯೆಲ್ಲ ಎಣ್ಣೆಯಂತೆ, ಆಮೇಲೆ ಮಾತಾಡುತ್ತಾರಂತೆ ಎಂದಳು.